ಕೊಡದ ಸಪ್ಪಳ

ಒಳ್ಳೆಯ ಕೆಲಸವನ್ನು ಊರ ಕಣ್ಣುಗಳೆದುರಿಗೇ ಮಾಡಬೇಕೆಂಬ ಆಸೆ ಹುಟ್ಟಿದ ಗಳಿಗೆಯಿಂದಲೇ ಆ ಕೆಲಸ ಕೆಡಲು ತೊಡಗುತ್ತದೆ. ಸಿಂದಗಿಯ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಬಸಂತರಾಯ ಮಾಸ್ತರರು ಇದನ್ನು ಅರಿಯದವರಲ್ಲ. ಅರಿತೂ ಹಾಗೆ ನಡೆದರೆಂಬುದೇ ಅವರ ಮೇಲಿನ ಆರೋಪ. ಅದನ್ನು ಎಲ್ಲರಿಗಿಂತ ಮೊದಲು ಹೊರಿಸಿದವರೂ ಅವರೇ.

೧೯೭೬ರ ಬೇಸಿಗೆಯ ಸೂಟಿಯಲ್ಲಿ ಮಾಸ್ತರರು ರಾಮೇಶ್ವರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಡಗು ಹತ್ತಿ ಶ್ರೀಲಂಕಾಕ್ಕೆ ತೆರಳಿದ್ದರು. ದ್ವೀಪದ ದಕ್ಷಿಣ ತೀರದ ಒಂದು ಬೆಸ್ತರ ಹಳ್ಳಿಯಲ್ಲಿ ಗಾಯಗೊಂಡ ಕಡಲಾಮೆಗಳ ಆರೈಕೆಮನೆಯೊಂದಿತ್ತು. ಬಲೆಗೆ ಸಿಕ್ಕು ಈಜುಗಾಲು ಹರಿದುಕೊಂಡವು, ದೋಣಿಯ ಏಟಿಗೆ ಚಿಪ್ಪು ಒಡೆದುಕೊಂಡವು ಅಲ್ಲಿಗೆ ಬರುತ್ತಿದ್ದವು. ಮಾಸ್ತರರು ಸಂಬಳವಿಲ್ಲದೆ ಅವುಗಳ ಗಾಯ ತೊಳೆದರು, ತೊಟ್ಟಿಗಳಿಗೆ ಉಪ್ಪುನೀರು ಹೊತ್ತು ತುಂಬಿದರು. ಆ ಸೇವೆಯಲ್ಲಿ ಕಪಟವಿರಲಿಲ್ಲ. ನೋಡುವವರು ಯಾರೂ ಇರಲಿಲ್ಲವೆಂಬುದೂ ಅದಕ್ಕೊಂದು ಕಾರಣವಾಗಿರಬಹುದು.

ಅಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಬಹುಕಾಲ ಮನುಷ್ಯರ ಕೈಯಿಂದ ತಿಂದ ಆಮೆಯನ್ನು ನೇರವಾಗಿ ಕಡಲಿಗೆ ಬಿಡುವಂತಿರಲಿಲ್ಲ. ಅದರ ತೊಟ್ಟಿಗೆ ಬಿದಿರಿನ ತಟ್ಟಿಯನ್ನು ಅಡ್ಡಲಾಗಿ ಕಟ್ಟಿ, ಹಿಂದಿನಿಂದ ಉದ್ದನೆಯ ಕೋಲಿನಲ್ಲಿ ಮೀನು ಕೊಡಬೇಕು. ಮಾತಾಡಬಾರದು, ಮುಖ ತೋರಿಸಬಾರದು. ಮನುಷ್ಯನ ನೆರಳು ಬಿದ್ದೊಡನೆ ಅದು ಬೆದರಿ ತಳಕ್ಕಿಳಿಯುವಂತಾದ ಮೇಲೆಯೇ ಬಿಡುಗಡೆ. ಒಂದು ಆಮೆಗಾಗಿ ಸೂಟಿಯುದ್ದಕ್ಕೂ ಆ ತಟ್ಟಿಯ ಹಿಂದೆ ಕೂತವರು ಸ್ವತಃ ಮಾಸ್ತರರು. ಗಾಯ ಮಾಯಿತಲ್ಲ, ಇನ್ನೇಕೆ ತಡವೆಂದು ಅವರು ಒಮ್ಮೆ ಕೇಳಿದಾಗ, ಅಲ್ಲಿಯ ಹಿರಿಯ ಗುಣಪಾಲರು ಹೇಳಿದ್ದರು: “ಗಾಯ ಮಾಯ್ದಿದೆ. ಮನುಷ್ಯರ ಮೇಲಿನ ನಂಬಿಕೆ ಇನ್ನೂ ಮಾಯ್ದಿಲ್ಲ.”

ಮರಳಿ ಬಂದ ಮೇಲೆ ಭಾಷಣಗಳು ಮೊದಲಾದವು. ಸಿಂದಗಿಯಲ್ಲಿ ಹಾರ, ಝಳಕಿಯಲ್ಲಿ ತೆಂಗಿನಕಾಯಿ, ಇಂಡಿಯಲ್ಲಿ ಸಭೆ. ಪ್ರಾಣಿಯನ್ನು ಸೆರೆಯಲ್ಲಿಡುವುದು ಮನುಷ್ಯಕುಲಕ್ಕೆ ಕಳಂಕವೆಂದು ಮಾಸ್ತರರು ಇಂಡಿಯಲ್ಲಿ ಗುಡುಗುತ್ತಿದ್ದಾಗ, ಹಿಂದಿನ ಸಾಲಿನಿಂದ ದಾವಲಮಲಿಕ ಎದ್ದು ನಿಂತ. ಅವನು ಮಾಸ್ತರರ ಊರಾದ ದೇವಣಗಾಂವದಲ್ಲಿ ಸೈಕಲ್ ಅಂಗಡಿ ಇಟ್ಟವನು, ಬಾಲ್ಯದ ಗೆಳೆಯ.

“ಮಾಸ್ತರ, ಸಮುದ್ರ ದಾಟಿ ಹೋಗಿ ಪರದೇಶದ ಆಮಿ ಬಿಡಿಸಿ ಬಂದ್ರಿ, ಶಾಬಾಸ್! ನಿಮ್ಮ ಮನಿ ಬಾವ್ಯಾಗ ಒಬ್ಬಾಕಿ ಮುದುಕಿ ಜನ್ಮಪೂರ್ತಿ ಜೇಲ ಶಿಕ್ಷಾ ಉಣ್ಣಾಕತ್ತಾಳಲ್ರಿ, ಆಕಿ ಯಾರ ಖೂನಿ ಮಾಡ್ಯಾಳ್ರಿ?”

ಸಭೆ ಬಿದ್ದು ಬಿದ್ದು ನಕ್ಕಿತು. ಬಾವಿಗೆ ಆಮೆ ಬಿಡುವುದು ಆ ಸೀಮೆಯ ರೂಢಿ. ಹುಳು ತಿಂದು ನೀರನ್ನು ತಿಳಿಯಾಗಿಡುತ್ತದೆಂದು ಜನರ ನಂಬಿಕೆ. ಮಾಸ್ತರರ ಮನೆಯ ಬಾವಿಯಲ್ಲಿ ಹಿಟ್ಟು ನಾದುವ ಪರಾತದಷ್ಟು ಅಗಲದ ಹೊಳೆಯಾಮೆಯೊಂದು ಎಷ್ಟೋ ವರ್ಷಗಳಿಂದ ಇತ್ತು. ನಗೆ ತಣ್ಣಗಾಗುವ ಮುನ್ನವೇ ಮಾಸ್ತರರು ಮೇಜು ಗುದ್ದಿ ಸಾರಿದರು: “ಬರುವ ಸ್ವಾತಂತ್ರ್ಯ ದಿನದಂದು ಆ ಜೀವಿಗೂ ಸ್ವಾತಂತ್ರ್ಯ! ಭೀಮಾ ಹೊಳೆಗೆ ಬಿಡುತ್ತೇನೆ; ಎಲ್ಲರೂ ಬಂದು ನೋಡಿರಿ!”

ಆ ಆಮೆಯನ್ನು ಸಾಕಿದವಳು ಮಾಸ್ತರರ ಅತ್ತಿಗೆ ಚನ್ನವ್ವ. ಸೊಸೆಯಾಗಿ ಬಂದಂದಿನಿಂದ ದಿನಾ ಬೆಳಿಗ್ಗೆ ಅವಳು ತಾಮ್ರದ ಕೊಡವನ್ನು ಬಾವಿಯ ಕಲ್ಲಿಗೆ ಟಣ್ ಟಣ್ ಎಂದು ಬಡಿಯುವಳು. ಆ ಸಪ್ಪಳಕ್ಕೆ ಆಮೆ ಮೇಲೆ ಬಂದು, ಮೆಟ್ಟಿಲ ಬಳಿ ಬಾಯಿ ತೆರೆದು ಕಾಯುವುದು. ಅವಳು ರೊಟ್ಟಿಯ ಚೂರು ಹಾಕುವಳು. ಸುದ್ದಿ ಕೇಳಿ ಅವಳು ಸೊಂಟದ ಕೊಡ ಇಳಿಸಿದಳು.

“ಹೊಳ್ಯಾಗ ಅದಕ್ಕ ರೊಟ್ಟಿ ಯಾರ ಹಾಕ್ತಾರೋ, ಬಸಂತ?”

“ರೊಟ್ಟಿ ಅದರ ಆಹಾರ ಅಲ್ಲ, ವೈನಿ. ಮೀನ, ಹುಳ ಹಿಡಕೊಂಡು ತಿಂತೈತಿ.”

“ಅದಕ್ಕೆಲ್ಲಿ ಬರ್ತೈತಿ ಹಿಡಿಯಾಕ?”

“ಕಲೀತೈತಿ.”

“ನಿಮ್ಮ ಸಾಲ್ಯಾಗ ಹುಡುಗೂರು ವರ್ಷಗಟ್ಟಲೆ ಕುಂತರೂ ಕಲಿಯೂದಿಲ್ಲ, ಇದು ಒಂದ ದಿನದಾಗ ಕಲೀತೈತಂತ, ಕೇಳ್ರೆವ್ವಾ!”

ಮಾಸ್ತರರು ನಕ್ಕರು. ಆದರೆ ನಗುವಿನ ನಡುವೆಯೇ ಬಿದಿರಿನ ತಟ್ಟಿ ಕಣ್ಣ ಮುಂದೆ ಬಂದು ನಿಂತಿತು. ಕೊಡದ ಸಪ್ಪಳವನ್ನು ಮರೆಸಲು, ಮನುಷ್ಯರ ಅಂಜಿಕೆಯನ್ನು ಹುಟ್ಟಿಸಲು ಚಳಿಗಾಲದವರೆಗಾದರೂ ಅದನ್ನು ತಟ್ಟಿಯ ಹಿಂದೆ ಇಡಬೇಕಾಗಿತ್ತು. ಆದರೆ ದಿನ ಗೊತ್ತಾಗಿತ್ತು. ಬಿಜಾಪುರದಿಂದ ಫೋಟೋದವನು ಬರುವವನಿದ್ದ. ಮುಂದೂಡಿದರೆ ದಾವಲಮಲಿಕ ಮತ್ತೆ ಎದ್ದು ನಿಂತಾನು. ಅವರು ತಟ್ಟಿಯನ್ನು ಮನಸ್ಸಿನಿಂದ ಸರಿಸಿದರು. ತಿಳಿಯದವನ ತಪ್ಪಿಗೆ ಕ್ಷಮೆಯುಂಟು; ತಿಳಿದೂ ತಿಳಿವಳಿಕೆಯನ್ನು ಬದಿಗೆ ಸರಿಸುವವನಿಗೆ ಯಾವ ನ್ಯಾಯದಲ್ಲಿ ಕ್ಷಮೆ?

ಧ್ವಜವಂದನೆಯಾದ ಮೇಲೆ ಮೆರವಣಿಗೆ ಹೊರಟಿತು. ಆಮೆ ನೀರಿನ ಬೋಗುಣಿಯಲ್ಲಿ, ಮಕ್ಕಳ ಬಾಯಲ್ಲಿ ಜಯಕಾರ. ಮಾಸ್ತರರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಫೋಟೋದವನು ಸೈ ಎನ್ನುವವರೆಗೆ ಕಾದು, ಕೆಂಪಾಗಿ ಹರಿಯುತ್ತಿದ್ದ ಭೀಮೆಗೆ ಇಳಿಸಿದರು. ಚನ್ನವ್ವ ಬಂದಿರಲಿಲ್ಲ.

ದಸರೆಯ ಹೊತ್ತಿಗೆ ಹೊಳೆ ಇಳಿಯಿತು. ಒಂದು ಶನಿವಾರ ಬೆಳಿಗ್ಗೆ ದಾವಲಮಲಿಕ ನಗುತ್ತ ಮನೆಗೆ ಬಂದ.

“ಮಾಸ್ತರ, ನಿಮ್ಮ ಸ್ವಾತಂತ್ರ್ಯವೀರಳು ಹೊಳಿ ದಂಡ್ಯಾಗ ಭಿಕ್ಷಾ ಬೇಡಾಕತ್ತಾಳ್ರಿ. ಹೆಣ್ಮಕ್ಕಳು ಕೊಡ ಅದ್ದಿದ್ರ ಸಾಕು, ಬಂದು ಬಾಯಿ ತಗೀತಾಳ. ನಮ್ಮ ಓಣಿ ಗೌಸಬಿ ಹೆದರಿ ಕೊಡಾ ಅಲ್ಲೇ ಒಗದು ಓಡಿ ಬಂದಾಳ.”

ಚನ್ನವ್ವ ಆಗಲೇ ಸೆರಗು ಸಿಕ್ಕಿಸಿ ಕೊಡ ಕೈಗೆತ್ತಿಕೊಂಡಿದ್ದಳು. “ನಡಿ ಬಸಂತ, ಈಗ ಹೋಗೂಣು. ನಾ ಕೊಡಾ ಬಡದ್ರ ಬಂದ ಬರ್ತೈತಿ. ಮೈಯೆಲ್ಲಾ ಸೊರಗಿರಬೇಕು.”

ಹೋಗಬೇಕು, ತರಬೇಕು, ತಟ್ಟಿ ಕಟ್ಟಬೇಕು. ಇದು ಮಾಸ್ತರರಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಮಾರನೆಯ ದಿನ ಮುದ್ದೇಬಿಹಾಳದಲ್ಲಿ, ಆಮೆಗೆ ಬಿಡುಗಡೆ ಕೊಟ್ಟುದಕ್ಕಾಗಿಯೇ ಅವರಿಗೆ ಸನ್ಮಾನವಿತ್ತು. ಬಿಡುಗಡೆಯಾದ ಆಮೆಯನ್ನು ಬೋಗುಣಿಯಲ್ಲಿ ಹೊತ್ತು ಊರ ನಡುವೆ ಮರಳಿ ತಂದು, ಯಾವ ಮುಖದಿಂದ ಶಾಲು ಹೊದೆಯುವುದು?

“ಸೋಮವಾರ ತರೂಣು, ವೈನಿ. ಎಲ್ಲಿ ಓಡಿ ಹೋಗ್ತೈತಿ?”

“ಓಡಿ ಹೋಗೂದಿಲ್ಲ ಅಂತನ ಹೇಳಾಕತ್ತೇನಿ,” ಎಂದಳು ಚನ್ನವ್ವ. ಆದರೂ ಕೊಡವನ್ನು ಕೆಳಗಿಟ್ಟಳು.

ಮುದ್ದೇಬಿಹಾಳದಲ್ಲಿ ಶಾಲು ಹೊದಿಸಿದರು. ಇಷ್ಟು ದೂರ ಬಂದಿರಿ, ಆಲಮಟ್ಟಿಯ ಅಣೆಕಟ್ಟಿನ ಕೆಲಸ ನೋಡಿಕೊಂಡೇ ಹೋಗಿರೆಂದು ಆತಿಥೇಯರು ಒತ್ತಾಯಿಸಿದರು. ಮಾಸ್ತರರು ಸೋಮವಾರವೂ ಉಳಿದರು. ಕೃಷ್ಣೆಗೆ ಅಡ್ಡಲಾಗಿ ಏಳುತ್ತಿದ್ದ ಆ ಕಲ್ಲಿನ ಗೋಡೆಯ ಮೇಲೆ ನಿಂತು ನೀರನ್ನು ನೋಡುವಾಗ ಅವರಿಗೆ ಒಂದು ತೆರೆದ ಬಾಯಿ ಕಂಡಿತು. ಆದರೂ ಊಟಕ್ಕೆ ಕರೆದಾಗ ಹೋಗಿ ಉಂಡರು.

ಮಂಗಳವಾರ ಬಸ್ಸಿನಿಂದ ಇಳಿದಾಗ ದಾವಲಮಲಿಕ ಅಂಗಡಿಯಿಂದ ಎದ್ದು ಬಂದ. ಮುಖದಲ್ಲಿ ನಗೆಯಿರಲಿಲ್ಲ.

“ಹೊರಗಿನ ಉಸುಕಿನ ಲಾರಿಯವರು, ಮಾಸ್ತರ. ನಿನ್ನಿ ಸಂಜೀಕ ಅಡಗಿಗೆ ನೀರು ತುಂಬಾಕ ಕೊಡಾ ಅದ್ಯಾರ. ಬಲಿ ಇಲ್ಲ, ಗಾಳ ಇಲ್ಲ. ಕೊಡದ ಸಪ್ಪಳಕ್ಕ ತಾನ ಬಂದು ಕಾಲ ಹತ್ರ ನಿಂತೈತಿ. ಎತ್ತಿಕೊಂಡು ಹೋಗಿ ಅಡಗಿ ಮಾಡ್ಯಾರ್ರಿ.” ಅವನೇ ಮತ್ತೆ ಅಂದ: “ಇಂಡ್ಯಾಗ ನಾ ಆ ಚೇಷ್ಟಿ ಮಾಡಬಾರದಿತ್ತು. ನಂದೂ ತಪ್ಪೈತ್ರಿ.”

ಆ ಮಾತಿನಿಂದ ಮಾಸ್ತರರಿಗೆ ಕ್ಷಣಕಾಲ ಹಗುರವೆನಿಸಿತು. ತನ್ನ ಪಾಪವನ್ನು ಹೊರಲು ಇನ್ನೊಂದು ಹೆಗಲು ಸಿಕ್ಕಿತೆಂದು ಮನಸ್ಸು ಹಿಗ್ಗಿದ್ದನ್ನು ಅವರೇ ಹಿಡಿದರು. ಹಿಡಿದು, ಇನ್ನಷ್ಟು ನಾಚಿದರು.

ಮನೆಯಲ್ಲಿ ಚನ್ನವ್ವ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ತೊಳೆದ ಚಿಪ್ಪು. ಹೊಳೆದಂಡೆಯಿಂದ ತಾನೇ ಹೆಕ್ಕಿ ತಂದಿದ್ದಳು. ಅವಳು ಬೈಯಲಿಲ್ಲ.

“ತಿಳಿದಾಂವ ಹೇಳ್ಯಾನ ಅಂತ ಸುಮ್ಮ ಕುಂತೆ,” ಎಂದಳು. ಅಷ್ಟೇ.

ದೀಪಾವಳಿಯ ನಂತರ ಬಸವನ ಬಾಗೇವಾಡಿಯಲ್ಲಿ ಶಿಕ್ಷಕರ ಸಮ್ಮೇಳನ ನಡೆಯಿತು. ಮುಂದಿನ ಬೇಸಿಗೆಗೆ ಆರೈಕೆಮನೆಗೆ ಹೋಗಬಯಸುವ ತರುಣರನ್ನು ಮಾಸ್ತರರು ಅಲ್ಲಿ ಹುರಿದುಂಬಿಸಬೇಕಾಗಿತ್ತು. ಅವರು ಚಿಪ್ಪನ್ನು ಮೇಜಿನ ಮೇಲಿಟ್ಟು, ತಟ್ಟಿಯ ನಿಯಮದಿಂದ ಮೊದಲ್ಗೊಂಡು ಆಲಮಟ್ಟಿಯ ಊಟದವರೆಗೆ ಒಂದನ್ನೂ ಬಿಡದೆ ಹೇಳಿದರು. “ಪರದೇಶದಲ್ಲಿ ಕಲಿತ ದಯೆಯನ್ನು ನಾನು ಮನೆಯ ಬಾವಿಯ ಬಳಿ ಮರೆತೆ. ಈ ಪ್ರಾಣಿಯನ್ನು ಕೊಂದವನು ನಾನು. ಮುಂದಿನ ವರ್ಷ ನಾನು ಅಲ್ಲಿಗೆ ಹೋಗುವುದಿಲ್ಲ, ಯೋಗ್ಯರು ಹೋಗಲಿ.”

ಸಭೆಯಲ್ಲಿ ಚಪ್ಪಾಳೆ ಎದ್ದಿತು. ಇಂಥ ಪ್ರಾಮಾಣಿಕತೆ ದುರ್ಲಭವೆಂದು ಅಧ್ಯಕ್ಷರು ಗದ್ಗದರಾಗಿ, ಇನ್ನೊಂದು ಶಾಲನ್ನು ತಂದು ಹೊದಿಸಿದರು. ಶಿಕ್ಷೆಯನ್ನು ಬೇಡಲು ಬಂದವನ ಹೆಗಲಿಗೆ ಸನ್ಮಾನವನ್ನು ಹೊರಿಸಿ ಕಳಿಸುವ ಸಮಾಜಕ್ಕೆ ಏನೆನ್ನಬೇಕು?

ಮಾರನೆಯ ಬೆಳಿಗ್ಗೆ ಚನ್ನವ್ವ ನೀರಿಗೆ ಬಂದಾಗ ಮಾಸ್ತರರು ಬಾವಿಯ ಬಳಿ ನಿಂತಿದ್ದರು.

“ಎಲ್ಲಾ ಹೇಳಿದಿ?”

“ಹೇಳಿದೆ, ವೈನಿ.”

“ಏನಂದ್ರು ಮಂದಿ?”

“ಚಪ್ಪಾಳಿ ಹೊಡದ್ರು.”

ಚನ್ನವ್ವ ಅವರ ಮುಖವನ್ನೊಮ್ಮೆ ನೋಡಿ, ಕೊಡವನ್ನು ಕಟ್ಟೆಯ ಕಲ್ಲಿನ ಮೇಲಿಟ್ಟಳು. ಎಂದಿನ ಟಣ್ ಸಪ್ಪಳವಾಗಲಿಲ್ಲ. ಮಾಸ್ತರರು ಬಾಗಿ ನೋಡಿದರು: ಕೊಡದ ತಳಕ್ಕೆ ಅವಳು ಹಳೆಯ ಸೀರೆಯ ಅರಿವೆಯನ್ನು ಬಿಗಿದು ಕಟ್ಟಿದ್ದಳು.