ಮಾರ್ಗದರ್ಶಕರ ಹೆಸರು ಕಡ್ಡಾಯ

ಬಹುಸಂಸ್ಕೃತಿ ಮನೋವಿಜ್ಞಾನ ಮತ್ತು ಸಾಮಾಜಿಕ ನ್ಯಾಯದ ಸಮ್ಮೇಳನಕ್ಕೆ ಪ್ರಸ್ತಾವ ಕಳಿಸಲು ಅಂದು ಸಂಜೆ ಐದು ಗಂಟೆಯೇ ಕೊನೆ. ಮೂರೂಕಾಲಿಗೆ ಮೇಡಂ ಹನ್ನೊಂದನೆಯ ಸಲ 'ಕಳಿಸು' ಒತ್ತಿದರು. ಹನ್ನೊಂದನೆಯ ಸಲವೂ ಪರದೆಯ ಮೇಲೆ ಅದೇ ಕೆಂಪು ಸಾಲು ಬಂತು: 'ಜೊತೆಯಲ್ಲಿ ಮಂಡಿಸುವವರ ಉನ್ನತ ಪದವಿಯನ್ನು ಆಯ್ಕೆ ಮಾಡಿ.'

ಪಟ್ಟಿಯಲ್ಲಿ ಡಾಕ್ಟರೇಟು, ಸ್ನಾತಕೋತ್ತರ, ಪದವಿ, ಕೊನೆಗೆ ವಿದ್ಯಾರ್ಥಿ, ಇಷ್ಟೇ. ನೆಲ ಒರೆಸುವವರು ಅನ್ನುವ ಆಯ್ಕೆ ಇರಲಿಲ್ಲ. ಸಾಮಾಜಿಕ ನ್ಯಾಯವಂತೆ, ಎಂದು ಮೇಡಂ ಹಲ್ಲು ಕಡಿದರು.

ಹೊಲಿಗೆ ಕಾರ್ಖಾನೆಗಳ ಬೀದಿಯಲ್ಲಿದ್ದ ಆ ಚಿಕಿತ್ಸಾಲಯದಲ್ಲಿ ಅವರು ಆರು ವರ್ಷದಿಂದ ಆಪ್ತಸಮಾಲೋಚಕಿ. ಎಲ್ಲರೂ ಮೇಡಂ ಅನ್ನುತ್ತಿದ್ದರು, ಮನೆಯಲ್ಲಿ ಗಂಡನೂ ರೇಗಿಸಬೇಕಾದಾಗ ಹಾಗೇ ಕರೆಯುತ್ತಿದ್ದ. ಅವರಿಗೆ ಕೊಟ್ಟಿದ್ದು ಹಳೆಯ ಔಷಧಿ ಉಗ್ರಾಣ. ಕಪಾಟಿನ ಮೇಲೆ 'ಬ್ಯಾಂಡೇಜು' ಎಂಬ ಚೀಟಿ ಇನ್ನೂ ಅಂಟಿಕೊಂಡಿತ್ತು. ಒಂದು ಮೇಜು, ಎರಡು ಕುರ್ಚಿ, ರೋಗಿಯ ಕುರ್ಚಿಯ ಹಿಂದಿನ ಗೋಡೆಗೆ ಒಂದು ದೊಡ್ಡ ಗಡಿಯಾರ.

ಹೊಲಿಗೆಗೆ ಬರುವ ಹೆಂಗಸರೆಲ್ಲ ದೂರದ ಸೀಮೆಯವರು, ಅವರ ಭಾಷೆ ಮೇಡಂಗೆ ಬಾರದು. ಬರುತ್ತಿದ್ದುದು ದೊಡ್ಡಕ್ಕನಿಗೆ. ದೊಡ್ಡಕ್ಕ ಅದೇ ಸೀಮೆಯಿಂದ ಬಂದು ಇಪ್ಪತ್ತೆರಡು ವರ್ಷದಿಂದ ಇಲ್ಲಿ ನೆಲ ಒರೆಸುತ್ತಿದ್ದವರು. ರೋಗಿ ಬಂದರೆ ಕರೆ ಹೋಗುತ್ತಿತ್ತು. ದೊಡ್ಡಕ್ಕ ಬಕೆಟ್ಟನ್ನು ಹೊರಗಿಟ್ಟು, ಒರೆಸುವ ಕೋಲಿಗೆ ಒರಗಿ ಬಾಗಿಲ ಬಳಿ ನಿಂತು, ಈ ಕಡೆಯ ಮಾತನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ದಾಟಿಸುತ್ತಿದ್ದರು. ಮೂರನೆಯ ಕುರ್ಚಿಗೆ ಜಾಗವಿರಲಿಲ್ಲ. ಇದ್ದಿದ್ದರೂ ಯಾರೂ ತಂದಿರುತ್ತಿರಲಿಲ್ಲ.

ಈಗ ಮುಖ್ಯ ವೈದ್ಯರು ಅನುವಾದದ ಯಂತ್ರ ತರಿಸುತ್ತೇನೆ ಎಂದು ಕೂತಿದ್ದರು. ಒಂದನೇ ತಾರೀಕಿನಿಂದ ಮೇಜಿನ ಮೇಲೆ ಯಂತ್ರ, ದೊಡ್ಡಕ್ಕ ಬರೀ ನೆಲಕ್ಕೆ. ಮೇಡಂ ಹೋಗಿ ಜಗಳವಾಡಿದಾಗ ಅವರು ಒಂದು ಮಾತು ಕೊಟ್ಟಿದ್ದರು: ದೊಡ್ಡಕ್ಕನ ಕೆಲಸ ಅಷ್ಟು ದೊಡ್ಡದಾದರೆ ಅವರ ಹೆಸರಿನಲ್ಲಿ ಎಲ್ಲಾದರೂ ಮಂಡಿಸಿ, ಕಳಿಸಿದ ರಸೀದಿ ತೋರಿಸಿ, ಉತ್ತರ ಬರುವವರೆಗೆ ಯಂತ್ರ ತಡೆಯುತ್ತೇನೆ. ಹಾಗಾಗಿ ದೊಡ್ಡಕ್ಕನ ಹೆಸರು ಮಂಡಿಸುವವರ ಪಟ್ಟಿಯಲ್ಲಿ ಬರಲೇಬೇಕಿತ್ತು.

ಬರಬೇಕಲ್ಲ. ಸಹಾಯವಾಣಿಗೆ ಬರೆದರೆ, 'ವೈವಿಧ್ಯವೇ ನಮ್ಮ ಉಸಿರು, ಪದವಿ ಇಲ್ಲದವರನ್ನು ಕೃತಜ್ಞತೆಯಲ್ಲಿ ಸ್ಮರಿಸಬಹುದು' ಎಂದು ಉತ್ತರ ಬಂತು. ಕಲಿಕೆಯ ಉದ್ದೇಶ ಮೂರು ಬರೆಯಿರಿ ಅಂದರು, ಬರೆದರೆ 'ಅರ್ಥಮಾಡಿಕೊಳ್ಳುವುದು' ಎಂಬ ಪದ ನಡೆಯದು, ಅದನ್ನು ಅಳೆಯಲಾಗದು ಅಂದರು. ಶೀರ್ಷಿಕೆ ಹನ್ನೆರಡು ಪದ ಮೀರಬಾರದು. ಅದನ್ನು ಹಿಂಡಿ ಹಿಂಡಿ 'ವಲಸಿಗ ಕಾರ್ಮಿಕ ಮಹಿಳೆಯರಲ್ಲಿ ಭಾವಕೇಂದ್ರಿತ ನೇರ ಪ್ರಶ್ನೆಯ ಪರಿಣಾಮ' ಎಂದು ಮಾಡುವಷ್ಟರಲ್ಲಿ ಎರಡು ಭಾನುವಾರ ಮಣ್ಣುಪಾಲಾಗಿದ್ದವು. ಗಣಿತದ ಮೇಷ್ಟ್ರಾದ ಗಂಡ ಅದನ್ನು ಓದಿ, ಇದರಲ್ಲಿ ಮನುಷ್ಯರು ಯಾವ ಸಾಲಿನಲ್ಲಿ ಬರುತ್ತಾರೆ ಎಂದು ಕೇಳಿ ಬೈಸಿಕೊಂಡಿದ್ದ.

ಮೂರೂವರೆಗೆ ಮೇಡಂಗೆ ಒಂದು ದಾರಿ ಹೊಳೆಯಿತು. 'ವಿದ್ಯಾರ್ಥಿ' ಎಂದು ಆರಿಸಿದರೆ ಕೆಂಪು ಸಾಲು ಮಾಯವಾಗಿ ಕೆಳಗೆ ಹೊಸ ಜಾಗ ತೆರೆಯುತ್ತಿತ್ತು: 'ಮಾರ್ಗದರ್ಶಕರ ಹೆಸರು ಕಡ್ಡಾಯ.' ಅಲ್ಲಿ ಹೆಸರು ಮತ್ತು ಅನುಭವದ ವರ್ಷ ಮಾತ್ರ ಸಾಕು. ಮಾರ್ಗದರ್ಶಕರೆಂದ ಮೇಲೆ ಪದವಿ ಇದ್ದೇ ಇರುತ್ತದೆಂಬ ನಂಬಿಕೆಯೋ ಏನೋ, ಅದನ್ನು ಯಾರೂ ಕೇಳುತ್ತಿರಲಿಲ್ಲ. ಆ ಹೆಸರು ತಾನಾಗಿಯೇ ಮಂಡಿಸುವವರ ಪಟ್ಟಿಗೂ ಸೇರುತ್ತಿತ್ತು. ಮೇಡಂ ದೊಡ್ಡಕ್ಕನನ್ನು ವಿದ್ಯಾರ್ಥಿ ಮಾಡಿದರು, ಮಾರ್ಗದರ್ಶಕಿಯ ಜಾಗದಲ್ಲಿ ತಮ್ಮ ಹೆಸರು ಹಾಕಿದರು. ಅರುವತ್ತರ ಹತ್ತಿರದ ವಿದ್ಯಾರ್ಥಿ. ತಮ್ಮ ಜಾಣತನಕ್ಕೆ ತಾವೇ ಮೆಚ್ಚಿಕೊಂಡು ಮುಂದಿನ ಪುಟಕ್ಕೆ ಹೋದರು.

ಮುಂದಿನ ಪುಟ ಇನ್ನೊಂದು ಕೇಳಿತು: ರೋಗಿಗೆ ಹಾಕಿದ ಮುಖ್ಯ ಪ್ರಶ್ನೆಯನ್ನು ಅವರ ಭಾಷೆಯಲ್ಲಿ ಆಡಿದ ಹಾಗೆಯೇ ಬರೆದು, ಅರ್ಥ ಕೊಡಿ.

ಮೇಡಂ ದೊಡ್ಡಕ್ಕನನ್ನು ಕರೆದರು. ನಾನು ಯಾವಾಗಲೂ ಮೊದಲು ಕೇಳುತ್ತೇನಲ್ಲ, ನಿಮ್ಮ ಮನಸ್ಸಿಗೆ ಈಗ ಏನು ಅನ್ನಿಸುತ್ತಿದೆ ಅಂತ, ಅದನ್ನು ನೀವು ಹೇಗೆ ಹೇಳುತ್ತೀರೋ ಹಾಗೇ ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ದೊಡ್ಡಕ್ಕ ಒಂದು ಸಾಲು ಹೇಳಿದರು. ಮೇಡಂ ಕಿವಿಗೆ ಬಿದ್ದಂತೆ ಬರೆದುಕೊಂಡು ಒಂದೊಂದೇ ಪದದ ಅರ್ಥ ಕೇಳಿದರು. ಮೊದಲ ಪದಕ್ಕೆ 'ಇವತ್ತು' ಅಂದರು, ಎರಡನೆಯದಕ್ಕೆ 'ಊಟ'. ಮೇಡಂ ಪೆನ್ನು ಕೆಳಗಿಟ್ಟರು. ದೊಡ್ಡಕ್ಕ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ನಿಜ ಹೇಳ್ತೀನಿ ಮೇಡಂ, ಬೈಬಾರ್ದು. ನೀವು ಕೇಳಿದ್ದನ್ನ ನಾನು ಕೇಳೋದೇ ಇಲ್ಲ. 'ಇವತ್ತು ಯಾರ ಜೊತೆ ಕೂತು ಊಟ ಮಾಡ್ದೆ' ಅಂತ ಕೇಳ್ತೀನಿ."

"ಎಷ್ಟು ದಿನದಿಂದ?"

"ನೀವು ಬಂದ ಎರಡನೇ ವಾರದಿಂದ."

ಮೊದಲ ವಾರ ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಿದರಂತೆ. ಆ ಸೀಮೆಯಲ್ಲಿ ಮನಸ್ಸಿಗೆ ಏನು ಅನ್ನಿಸುತ್ತಿದೆ ಎಂದು ಕೇಳುವುದು ಹಾಸಿಗೆ ಹಿಡಿದು ಇನ್ನು ಏಳದವರನ್ನು ಮಾತ್ರ. ಐದು ಜನ ಹೆಂಗಸರು ಹೆದರಿ, ಚೆನ್ನಾಗಿದ್ದೇನೆ ಎಂದು ಎದ್ದು ಹೋದರಂತೆ. ಆರನೆಯವಳಿಗೆ ದೊಡ್ಡಕ್ಕ ಊಟದ ವಿಷಯ ಕೇಳಿದರು. ಒಬ್ಬಳೇ ತಿಂದೆ ಅಂದಳು, ಆಮೇಲೆ ಅತ್ತಳು, ಆಮೇಲೆ ಎಲ್ಲಾ ಹೇಳಿದಳು.

ಆ ಆರನೆಯವಳು ಮೇಡಂಗೆ ಚೆನ್ನಾಗಿ ನೆನಪಿದ್ದಳು. 'ನೇರ ಪ್ರಶ್ನೆಗೆ ರೋಗಿ ತೆರೆದುಕೊಂಡರು' ಎಂದು ಅವಳ ಕಡತದಲ್ಲಿ ಬರೆದವರು ಅವರೇ. ಆರು ವರ್ಷದ ಕಡತಗಳಲ್ಲಿ ಅದೇ ಸಾಲು ಬರೆದುಕೊಂಡು ಬಂದಿದ್ದರು.

ಪಿತ್ತ ನೆತ್ತಿಗೇರಿತು. ಮೊದಲು ದೊಡ್ಡಕ್ಕನ ಮೇಲೆ: ಇಷ್ಟು ವರ್ಷ ಬಾಯಿ ಬಿಡದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಾರಲ್ಲ, ಇವತ್ತೇ ಹೇಳಬೇಕೆ, ಇನ್ನು ಒಂದು ಗಂಟೆ ಇರುವಾಗ. ಆಮೇಲೆ ಸಮ್ಮೇಳನದ ಮೇಲೆ. ಕೊನೆಗೆ ಬೇರೆ ಯಾರೂ ಉಳಿಯದೆ ತಮ್ಮ ಮೇಲೆಯೇ. ಆರು ವರ್ಷ ಪ್ರಶ್ನೆ ಕೇಳುತ್ತಿದ್ದೇನೆ ಅಂದುಕೊಂಡವರು ಸುಮ್ಮನೆ ಬಾಯಿ ಆಡಿಸುತ್ತ ಕೂತಿದ್ದರು.

ಯಾಕೆ ಹೇಳಲಿಲ್ಲ ಎಂದು ಕೇಳಿದರು. ನೀವು ಕೇಳಲಿಲ್ಲವಲ್ಲ, ಎಂದರು ದೊಡ್ಡಕ್ಕ. ಅದರಲ್ಲಿ ಕೊಂಕೇನೂ ಇರಲಿಲ್ಲ.

ಯಂತ್ರ ಬಂದರೆ ತಮ್ಮ ಪ್ರಶ್ನೆಯನ್ನು ಒಂದಕ್ಷರ ತಪ್ಪದೆ ಕೇಳುತ್ತದೆ, ಬಂದವರೆಲ್ಲ ಚೆನ್ನಾಗಿದ್ದೇನೆ ಎಂದು ಎದ್ದು ಹೋಗುತ್ತಾರೆ. ಅದು ತಲೆಗೆ ಬಂದಿದ್ದೇ ಮೇಡಂ ಕೀಲಿಮಣೆ ಎಳೆದುಕೊಂಡರು. ಎರಡು ಭಾನುವಾರದ ಬರಹವನ್ನು ಪೂರ್ತಿ ಅಳಿಸಿದರು. ದೊಡ್ಡಕ್ಕ ಹೇಳಿದ ಆರು ಹೆಂಗಸರ ಕಥೆಯನ್ನು ಹೇಳಿದ ಹಾಗೇ ಬರೆದರು. ಶೀರ್ಷಿಕೆಗೆ 'ನಾನು ಕೇಳದೆ ಉಳಿದ ಪ್ರಶ್ನೆ' ಎಂದು ಹಾಕಿದರು. ಪದ ಎಣಿಸುವ ಗೋಜಿಗೆ ಹೋಗಲಿಲ್ಲ.

ಐದಕ್ಕೆ ಎಂಟು ನಿಮಿಷವಿತ್ತು. ಕಳಿಸುವ ಮೊದಲು ಹಿಂದಿನ ಪುಟ ಕಣ್ಣಿಗೆ ಬಿತ್ತು. ವಿದ್ಯಾರ್ಥಿ: ದೊಡ್ಡಕ್ಕ. ಮಾರ್ಗದರ್ಶಕಿ: ತಾವು. ಮೂರೂವರೆಗೆ ಜಾಣತನ ಅನ್ನಿಸಿದ್ದು ಈಗ ಹಸಿ ಸುಳ್ಳಾಗಿ ಕಂಡಿತು. ಮೇಡಂ ಎರಡೂ ಹೆಸರನ್ನು ಅದಲುಬದಲು ಮಾಡಿದರು. ವಿದ್ಯಾರ್ಥಿಯ ಜಾಗಕ್ಕೆ ತಮ್ಮ ಹೆಸರು. ಮಾರ್ಗದರ್ಶಕಿಯ ಜಾಗಕ್ಕೆ ದೊಡ್ಡಕ್ಕನ ಹೆಸರು, ಅನುಭವ ಇಪ್ಪತ್ತೆರಡು ವರ್ಷ. ಒತ್ತಿದರು. ಯಾವ ಕೆಂಪು ಸಾಲೂ ಬರಲಿಲ್ಲ.

ರಸೀದಿ ಬಂತು. 'ಪ್ರಿಯ ವಿದ್ಯಾರ್ಥಿ' ಎಂದು ಶುರುವಾಗಿ, ನಿಮ್ಮ ತಪ್ಪುಗಳನ್ನು ಮಾರ್ಗದರ್ಶಕರಿಂದ ತಿದ್ದಿಸಿಕೊಳ್ಳತಕ್ಕದ್ದು ಎಂಬ ಉಪದೇಶದೊಂದಿಗೆ ಮುಗಿದಿತ್ತು. ಮೇಡಂ ಅದನ್ನು ಮುಖ್ಯ ವೈದ್ಯರಿಗೆ ಕಳಿಸಿ, ದೊಡ್ಡಕ್ಕನಿಗೂ ಓದಿ ಹೇಳಿದರು. ದೊಡ್ಡಕ್ಕ ತಮ್ಮ ಹೆಸರನ್ನು ಎರಡು ಸಲ ಓದಿಸಿಕೊಂಡರು.

"ಮಾರ್ಗದರ್ಶಕಿ ಅಂದ್ರೆ ನಾನೇನ್ ಮಾಡ್ಬೇಕು ಮೇಡಂ?"

"ನಾನು ತಪ್ಪು ಮಾಡ್ತಿದ್ರೆ ಹೇಳ್ಬೇಕು. ಕೇಳದೇ ಇದ್ರೂ ಹೇಳ್ಬೇಕು."

ದೊಡ್ಡಕ್ಕ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು.

"ಹಾಗಾದ್ರೆ ಆ ಗಡಿಯಾರ ತೆಗೀರಿ. ಅವ್ರು ಮಾತಾಡ್ತಾ ಇರುವಾಗ ನೀವು ಅವರ ತಲೆ ಮೇಲಿಂದ ಅದನ್ನ ನೋಡ್ತೀರಿ. 'ಮೇಡಂಗೆ ಬೇಜಾರಾಯ್ತಾ, ಹೋಗ್ಲಾ' ಅಂತ ನನ್ನ ಕೇಳ್ತಾರೆ. ಅದನ್ನೂ ನಾನು ನಿಮಗೆ ಹೇಳಿಲ್ಲ."

ಮೇಡಂ ರೋಗಿಯ ಕುರ್ಚಿಯ ಮೇಲೆ ಹತ್ತಿ ಗಡಿಯಾರವನ್ನು ಬಿಚ್ಚಿದರು. ಕೆಳಗೆ ಕುರ್ಚಿ ಅಲುಗದಂತೆ ದೊಡ್ಡಕ್ಕ ಹಿಡಿದುಕೊಂಡಿದ್ದರು.