ಹಿಂದಿನ ಸಾಲಿನ ಪಾತ್ರೆ

ನಾನೊಂದು ಪಾನಪಾತ್ರೆ. ಕಂಚುಗಾರನ ಅಂಗಡಿಯಲ್ಲಿ ಹುಟ್ಟಿದೆ. ಒಂದೇ ಹಿತ್ತಾಳೆ ತಗಡಿನಿಂದ ಮೊದಲು ಎಲೆ ಅಡಿಕೆ ಉಗುಳುವ ಒಂದು ಪೀಕದಾನಿ ಮಾಡಿದರು, ಆಮೇಲೆ ನನ್ನನ್ನು. ಪೀಕದಾನಿ ಯಾರದೋ ವಾಡೆಗೆ ಹೋಯಿತು. ನನಗೆ ಬೆಳ್ಳಿಯ ಲೇಪ ಕೊಟ್ಟು ಧಾರವಾಡದಾಚೆಯ ಒಂದು ಹಳೆಯ ಚರ್ಚಿಗೆ ಕಳಿಸಿದರು. ನನ್ನ ಕುಲಗೋತ್ರ ಇಷ್ಟೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನನ್ನಿಟ್ಟುಕೊಂಡು ಈ ಚರ್ಚಿನವರು ಆಡಿದ ಮಡಿ ಮೈಲಿಗೆಯ ನಾಟಕ ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ನನ್ನ ಕೆಲಸ ಸುಲಭದ್ದು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಜನ ವೇದಿಯ ಮುಂದೆ ಸಾಲಾಗಿ ಮೊಣಕಾಲೂರುತ್ತಾರೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ನನ್ನಲ್ಲಿ ದ್ರಾಕ್ಷಾರಸ ತುಂಬಿ “ಇದು ಕ್ರಿಸ್ತನ ರಕ್ತ, ಎಲ್ಲರೂ ಕುಡಿಯಿರಿ” ಎನ್ನುತ್ತ ಒಬ್ಬೊಬ್ಬರ ತುಟಿಗೂ ಹಿಡಿಯುತ್ತಾರೆ. ಪೊದೆಮೀಸೆ, ಬೊಚ್ಚುಬಾಯಿ, ಎಲೆ ಅಡಿಕೆಯ ಕೆಂಪು ತುಟಿ, ಯಾವುದಕ್ಕೂ ನಾನು ಮುಖ ಸಿಂಡರಿಸಲಿಲ್ಲ. ಎಲ್ಲರೂ ಎಂದರೆ ಎಲ್ಲರೂ ಎಂದೇ ತಿಳಿದಿದ್ದೆ.

ಸಭಾ ಹಿರಿಯರಲ್ಲಿ ದೇವಮಿತ್ರಪ್ಪನವರೆಂದರೆ ನನಗೆ ಅಚ್ಚುಮೆಚ್ಚು. ಹರೆಯದಲ್ಲಿ ಕುಡಿದು ಕೂಗಾಡಿದ ಮನುಷ್ಯ, ಹೆಂಡತಿಯ ಮೇಲೆ ಕೈ ಮಾಡಿದವರು. ಒಂದು ಶುಭ ಶುಕ್ರವಾರ ವೇದಿಯ ಮುಂದೆ ಬಿದ್ದು ಅತ್ತು ಎದ್ದ ಮೇಲೆ ಮತ್ತೆ ಸಾರಾಯಿ ಮುಟ್ಟಲಿಲ್ಲ, ಕೈ ಎತ್ತಲಿಲ್ಲ. ಅದು ಸುಳ್ಳಲ್ಲ. ಅಂದಿನಿಂದ ಪ್ರತಿ ಭಾನುವಾರ ಒಂದೇ ಪ್ರಾರ್ಥನೆ: “ಕರ್ತನೇ, ನನ್ನ ದೇಹ, ಮನಸ್ಸು, ಮನೆಮಾರು ಎಲ್ಲಾ ನಿನ್ನ ಪಾದಕ್ಕ ಇಟ್ಟೀನಿ. ನನ್ನದಂತ ಏನೂ ಉಳಿಸಿಕೊಂಡಿಲ್ಲ.” ಚಹಾದಂಗಡಿಗಳಲ್ಲಿ ಕೇರಿಯವರಿಗೆ ಬೇರೆ ಕಪ್ಪು ಇಡುವುದನ್ನು ಅವರು ಎಲ್ಲರೆದುರು ಬೈದಾಗಲಂತೂ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಆಮೇಲೆ ಊರ ಹೊರಗಿನ ಕೇರಿಯಿಂದ ರೂತವ್ವ ತನ್ನ ಮನೆಯವರೊಂದಿಗೆ ಚರ್ಚಿಗೆ ಬಂದಳು. ಚಪ್ಪಲಿ ಹೊಲಿಯುವ ಮನೆತನ. ದೀಕ್ಷಾಸ್ನಾನವಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲು ಹಿರಿಯರದು ಎಂಬ ರೂಢಿ ಅವಳಿಗೇನು ಗೊತ್ತು? ಮೊದಲ ಭೋಜನದ ದಿನ ಹೋಗಿ ದೇವಮಿತ್ರಪ್ಪನವರ ಪಕ್ಕದಲ್ಲೇ ಮೊಣಕಾಲೂರಿದಳು. ಅವಳು ಕುಡಿದಳು, ನಾನು ಮುಂದೆ ಸರಿದೆ. ದೇವಮಿತ್ರಪ್ಪನವರ ತುಟಿ ಬಿಗಿದುಕೊಂಡಿತು.

“ಇವತ್ತ ನನಗ ಬ್ಯಾಡ್ರಿ ಅಯ್ಯನವರ. ಹೊಟ್ಟಿ ಸರಿ ಇಲ್ಲ.”

ಹೊಟ್ಟೆಯಂತೆ ಹೊಟ್ಟೆ! ಈಗಷ್ಟೇ ಅದೇ ಬಾಯಿ ಎಲ್ಲವನ್ನೂ ಕರ್ತನ ಪಾದಕ್ಕಿಟ್ಟಿತ್ತು. ಎಲ್ಲ ಕೊಟ್ಟವರು ಜಾತಿಯೊಂದನ್ನು ಮಾತ್ರ ಜೇಬಿನಲ್ಲಿ ಭದ್ರವಾಗಿ ಉಳಿಸಿಕೊಂಡಿದ್ದರು.

ಮುಂದಿನ ತಿಂಗಳು ತಟ್ಟೆ ತುಂಬ ಸಣ್ಣ ಗಾಜಿನ ಲೋಟಗಳು ಬಂದವು. ಆರೋಗ್ಯದ ಸಲುವಾಗಿ ಎಂದು ಹಿರಿಯರು ತೀರ್ಮಾನಿಸಿದ್ದರಂತೆ. ಯಾರ ಆರೋಗ್ಯ? ಲೋಟ ಸಾಲದು ಎಂಬ ನೆಪ ಹೇಳಿ ಹಳಬರಿಗೆ ಮಾತ್ರ ಕೊಟ್ಟರು. ರೂತವ್ವ ಮತ್ತು ಅವಳ ಮನೆಯವರನ್ನು ಹಿಂದಿನ ಸಾಲಿಗೆ ತಳ್ಳಿ, ಅವರ ಪಾಲಿಗೆ ನನ್ನನ್ನು ಬಿಟ್ಟರು. ಚಹಾದಂಗಡಿಯವನಿಗೆ ಬೈದ ಇವರೇ ದೇವರ ಮೇಜಿನ ಮೇಲೆ ಎರಡು ಕಪ್ಪು ಇಟ್ಟರು! ನನ್ನನ್ನು ನೆಲಕ್ಕೆ ಬಡಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಕೆಲವು ತಿಂಗಳು ರೂತವ್ವ ಸುಮ್ಮನೆ ಕುಡಿದಳು. ಈಸ್ಟರ್ ದಿನ ನಾನು ತುಟಿಯ ಹತ್ತಿರ ಬಂದಾಗ ಮುಖ ತಿರುಗಿಸಿದಳು.

“ಯಾಕವ್ವಾ?” ಎಂದರು ಅಯ್ಯನವರು.

“ಆ ಸಣ್ಣ ಲೋಟದಾಗಿರೋ ಯೇಸುಸ್ವಾಮಿ ಬ್ಯಾರೆ, ಇದರಾಗಿರೋ ಯೇಸುಸ್ವಾಮಿ ಬ್ಯಾರೆ ಏನ್ರಿ?” ಅವಳ ದನಿ ಸಿಟ್ಟಿನಿಂದ ನಡುಗುತ್ತಿತ್ತು. “ಕೇರ್ಯಾಗಿದ್ದಾಗನೂ ನಾವು ಬ್ಯಾರೆ, ಇಲ್ಲಿ ಬಂದ ಮ್ಯಾಲೂ ಬ್ಯಾರೆ. ಹಂಗಿದ್ರ ನನಗ ಈ ಊಟನ ಬ್ಯಾಡ್ರಿ. ನಾ ಮನೀಗೆ ಹೋಗ್ತೀನಿ.”

ದೇವಮಿತ್ರಪ್ಪನವರು ಮುಂದಿನ ಸಾಲಿನಲ್ಲಿ ಲೋಟ ಹಿಡಿದುಕೊಂಡಿದ್ದರು. ಅದನ್ನು ಹಾಗೆಯೇ ತಟ್ಟೆಯಲ್ಲಿಟ್ಟು ಎದ್ದರು. ಬೈಯಲು ಬರುತ್ತಿದ್ದಾರೆ ಎಂದುಕೊಂಡೆ. ಅವರು ಬಂದು ರೂತವ್ವನ ಪಕ್ಕದಲ್ಲಿ ಮೊಣಕಾಲೂರಿದರು. ಮುಖವೆಲ್ಲ ಬೆವರಿತ್ತು.

“ಹೋಗಬ್ಯಾಡ ಯವ್ವಾ. ಎಲ್ಲಾ ಕೊಟ್ಟೀನಿ ಅಂತ ಕರ್ತಗ ಸುಳ್ಳ ಹೇಳಿದೆ. ಇದೊಂದು ಕೊಟ್ಟಿರಲಿಲ್ಲ. ನೀ ಕುಡಿ, ನಿನ್ನ ಹಿಂದ ನಾ ಕುಡೀತೀನಿ.”

ರೂತವ್ವ ಅವರ ಮುಖವನ್ನೇ ನೋಡಿದಳು, ಆಮೇಲೆ ಕುಡಿದಳು. ಅಯ್ಯನವರು ರೂಢಿಯಂತೆ ನನ್ನ ಅಂಚು ಒರೆಸಲು ಬಿಳಿ ಬಟ್ಟೆ ಎತ್ತಿದರು. ದೇವಮಿತ್ರಪ್ಪನವರು ಅವರ ಕೈ ಹಿಡಿದುಕೊಂಡರು.

“ಒರಸಬ್ಯಾಡ್ರಿ.”

ಅವಳ ತುಟಿ ತಗುಲಿದಲ್ಲೇ ತಮ್ಮ ತುಟಿಯಿಟ್ಟರು. ಅವರ ಹಲ್ಲು ನನ್ನ ಅಂಚಿಗೆ ಕಟಕಟ ಬಡಿಯುತ್ತಿತ್ತು. ಸಾರಾಯಿ ಬಿಟ್ಟಷ್ಟು ಸುಲಭವಾಗಿರಲಿಲ್ಲ ಇದು. ಆದರೂ ಕುಡಿದರು. ಅಷ್ಟು ವರ್ಷ ಬಾಯಲ್ಲಿ ಹೇಳಿದ ಪ್ರಾರ್ಥನೆ ಅಂದು ಗಂಟಲಿಗಿಳಿಯಿತು. ನನ್ನ ಸಿಟ್ಟೂ ಅವರ ಮಟ್ಟಿಗೆ ಇಳಿಯಿತು.

ಉಳಿದವರ ಮೇಲಿನ ಸಿಟ್ಟು ಹಾಗೇ ಇದೆ. ಮುಂದಿನ ಸಾಲಿನವರೆಲ್ಲ ಕಣ್ಣೊರೆಸಿಕೊಂಡರು. ಎದ್ದು ಬಂದವರು ಒಬ್ಬರೂ ಇಲ್ಲ. ಸ್ವಲ್ಪ ದಿನಕ್ಕೇ ಇನ್ನಷ್ಟು ಲೋಟ ತರಿಸಿ ಎಲ್ಲರಿಗೂ ಒಂದೊಂದು ಕೊಟ್ಟರು. ಈಗ ಭೇದವೇ ಇಲ್ಲ ನೋಡಿ ಎನ್ನುತ್ತಾರೆ. ನಾನು ಪಾದ್ರಿಗಳ ಕೋಣೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದೇನೆ. ದೇವಮಿತ್ರಪ್ಪನವರು ತೀರಿಕೊಂಡು ಬಹಳ ಕಾಲವಾಯಿತು. ಅವರ ಶರಣಾಗತಿಯ ಕುರಿತು ಪ್ರತಿ ಈಸ್ಟರಿಗೂ ಪಾದ್ರಿಗಳ ಪ್ರಸಂಗ ನಡೆಯುತ್ತದೆ, ಜನ ಕೇಳಿ ಅಳುತ್ತಾರೆ. ದೇವರು ಆ ಒಬ್ಬ ಮನುಷ್ಯನನ್ನು ಬದಲಾಯಿಸಿದ. ಉಳಿದವರು ಲೋಟ ಬದಲಾಯಿಸಿಕೊಂಡು ಮನೆಗೆ ಹೋದರು.