ಚಪ್ಪಾಳೆ ತಟ್ಟದ ಮನೆ

ಗಂಡ ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡ. ಹೆಂಡತಿ ಆಗಲೇ ದಿಂಬೊಂದನ್ನು ಬಿಗಿಯಾಗಿ ತಬ್ಬಿ ಕೂತಿದ್ದಳು.

"ಆದ್ದರಿಂದ, ಬಂಧುಗಳೇ, ಈ ಕಟ್ಟಡ ಬರೀ ಇಟ್ಟಿಗೆಯದಲ್ಲ, ನಂಬಿಕೆಯದು!" ಎಂದು ನಿವಾಸಿಗಳ ಸಂಘದ ಅಧ್ಯಕ್ಷರು ಹಾಳೆಯಿಂದ ತಲೆಯೆತ್ತಿ ಕಾದರು. ಅವರ ಬೂಟಿನ ಪಕ್ಕ ನಾಯಿಮರಿಯೂ ಕಿವಿ ನಿಮಿರಿಸಿ ಕಾಯುತ್ತಿತ್ತು.

ಅಧ್ಯಕ್ಷರು ಬಂದದ್ದು ಮರಿಯನ್ನು ನೋಡಿ, ಅದು ಕಟ್ಟಡದಲ್ಲಿ ಇರಬೇಕೋ ನಾಳೆ ಬೆಳಗ್ಗೆ ಹೊರಬೀಳಬೇಕೋ ಹೇಳುವುದಕ್ಕೆ. ನೋಡಿದ್ದು ಅರೆಕ್ಷಣ. ಆಮೇಲೆ ಜೇಬಿನಿಂದ ವಾರ್ಷಿಕ ಸಭೆಯ ಭಾಷಣ ಹೊರಬಂತು.

"ಹಿಡಿಸಲಿಲ್ವಾ?"

"ಅಯ್ಯೋ, ಅದ್ಭುತ ಸಾರ್! ಮಾತೇ ಹೊರಡ್ತಿಲ್ಲ" ಎಂದ ಗಂಡ.

"ಮಾತು ಯಾಕೆ? ಕೈ ಇದೆಯಲ್ಲ."

"ಕೈಗೆ ಜೋಮು ಹಿಡಿದಿದೆ."

"ಇಬ್ಬರಿಗೂ?"

"ಸಂಸಾರ ಅಂದ್ಮೇಲೆ ಎಲ್ಲದರಲ್ಲೂ ಸಮಪಾಲು, ಸಾರ್."

ತಪ್ಪು ಮರಿಯದಲ್ಲ. ಬಾಲ್ಕನಿಯಲ್ಲಿಟ್ಟ ಅಗಲ ತಟ್ಟೆಯಲ್ಲಿ ಅದು ಮೊದಲ ಸಲ ಉಚ್ಚೆ ಹೊಯ್ದಾಗ ಗಂಡಹೆಂಡಿರು ಕುಣಿದು ಚಪ್ಪಾಳೆ ತಟ್ಟಿದ್ದರು. ಆಮೇಲೆ ಪ್ರತಿ ಸಲವೂ ಅದೇ ಸಂಭ್ರಮ. ತಮ್ಮ ಮದುವೆಯಲ್ಲೂ ಅವರು ಅಷ್ಟು ನಕ್ಕಿರಲಿಲ್ಲ. ಮರಿ ತನ್ನ ಪಾಡಿಗೆ ಪಾಠ ಕಲಿತಿತು: ಚಪ್ಪಾಳೆ ಕೇಳಿದರೆ ಹೊಯ್ಯಬೇಕು, ಈ ಜನಕ್ಕೆ ಅದು ಇಷ್ಟ. ತಟ್ಟೆಯ ವಿಷಯ ಅದಕ್ಕೆ ಅಷ್ಟೇನೂ ಮುಖ್ಯವೆನಿಸಲಿಲ್ಲ. ಟಿವಿಯಲ್ಲಿ ಯಾವನಾದರೂ ಬಹುಮಾನ ಗೆದ್ದರೆ ಇಲ್ಲಿ ಸೋಫಾ ಒದ್ದೆ.

ಆದರೂ ಹೆಂಡತಿಗೆ ಅದನ್ನು ಬಿಟ್ಟಿರಲಾಗದು. ಆಸ್ಪತ್ರೆಯಲ್ಲಿ ದಿನವಿಡೀ ಮುರಿದ ಮೂಳೆಗಳಿಗೆ ಪಟ್ಟಿ ಹಾಕಿ ಬರುವ ಅವಳನ್ನು ಬಾಗಿಲಲ್ಲಿ ಎದುರುಗೊಳ್ಳುವ ಜೀವ ಅದೊಂದೇ. ಗಂಡ ಕೂತಲ್ಲಿಂದಲೇ ಹುಬ್ಬು ಹಾರಿಸುತ್ತಾನೆ.

ಅಧ್ಯಕ್ಷರ ಮುಖ ಹರಳೆಣ್ಣೆ ಕುಡಿದಂತಾಯಿತು. "ಮೂರನೇ ಮಹಡಿಯವರು ಎದ್ದು ನಿಂತು ತಟ್ಟಿದ್ರು. ಹೀಗೆ!" ಎಂದು ತಾವೇ ತಟ್ಟಿ ತೋರಿಸಿದರು.

ಮರಿ ಹಿಂಗಾಲು ಬಾಗಿಸಿ ಕೂತಿತು. ಬೂಟಿನ ಸುತ್ತ ಜಮಖಾನ ಕಪ್ಪಾಯಿತು. ಆಮೇಲೆ ಅದು ತಲೆಯೆತ್ತಿ, ಹೊಗಳಿಕೆಗೆ ಹಸಿದ ಕಣ್ಣುಗಳಿಂದ ಅಧ್ಯಕ್ಷರನ್ನು ನೋಡಿತು. ಹತ್ತಿರದ ನೆಂಟರ ಮುಖದಂತೆ ಎರಡೂ ಮುಖ ಒಂದನ್ನೊಂದು ಹೋಲುತ್ತಿದ್ದವು.

ಹೆಂಡತಿ ಎಲ್ಲವನ್ನೂ ಹೇಳಿಬಿಟ್ಟಳು. ಅಧ್ಯಕ್ಷರು ನಂಬದೆ ಇನ್ನೊಮ್ಮೆ ತಟ್ಟಿದರು. ಮರಿ ಉಳಿಸಿಕೊಂಡಿದ್ದ ನಾಲ್ಕು ಹನಿಯನ್ನೂ ಅರ್ಪಿಸಿತು.

ಬೈಗುಳ ಬರಲಿಲ್ಲ. ಅಧ್ಯಕ್ಷರು ಮೆಲ್ಲಗೆ ಕೂತು, ಬೂಟು ಕಳಚಿ, ದನಿ ತಗ್ಗಿಸಿದರು.

"ನಮ್ಮ ಕಾರ್ಯದರ್ಶಿ ಗೊತ್ತಲ್ಲ, ಆ ಬಾಯಿಬಡುಕ? ಸಭೆಯಲ್ಲಿ ನನ್ನ ನಂತರ ಅವನ ಭಾಷಣ. ಜನ ಅವನಿಗೇ ಜಾಸ್ತಿ ತಟ್ತಾರೆ, ಯಾಕೋ. ಮರೀನ ಅವನ ಕಾಲ ಹತ್ರ ಕೂರಿಸಿ. ಅಷ್ಟೇ. ಇದು ಸಾಯೋವರೆಗೂ ಇಲ್ಲಿರಲಿ, ಕೇಳೋರಿಲ್ಲ."

ಗಂಡನ ಕೈಗಳು ತೊಡೆಯಡಿಯಿಂದ ಹೊರಬಂದವು. "ಆಗ್ಲಿ ಸಾರ್! ಅವತ್ತು ಅವರು ಬಿಳಿ ಪ್ಯಾಂಟು ಹಾಕಿದ್ರಂತೂ..."

ಹೆಂಡತಿ ಬಗ್ಗಿ, ಒದ್ದೆ ಮರಿಯನ್ನು ಎತ್ತಿ ಎದೆಗೊತ್ತಿಕೊಂಡಳು.

"ಕೊಡಲ್ಲ."

"ಲೇ, ಸುಮ್ನಿರೇ" ಎಂದ ಗಂಡ.

"ಯೋಚನೆ ಮಾಡಮ್ಮ. ಇಲ್ಲಾಂದ್ರೆ ನಾಳೆ ಬೆಳಗ್ಗೆ..."

"ಒಂದು ಜಾಗದಲ್ಲಿ ಮಾಡೋದು ಕಲಿಸೋಕೇ ಪ್ರಾಣ ಹೋಗ್ತಿದೆ. ನಿಮ್ಮ ಸಭೆಗೆ ಬಂದ್ರೆ ಕಂಡಕಂಡವರ ಮೇಲೆ ಮಾಡೋದು ಕಲಿಯುತ್ತೆ. ನಾಳೆ ಇದರ ಜೊತೆ ನಾನೂ ಮೆಟ್ಟಿಲು ಇಳಿದು ಹೋಗ್ತೀನಿ. ಕೊಡಲ್ಲ."